ಟಲ್ಲಿಯನ್ನು ನೆಲದ ಮೇಲೆ ಬಿಟ್ಟು ಬಂದ ಮುನ್ನೋಟ

ವರ್ನಾ ಸ್ಟಾಡ್ಲರ್ ತೀರಿಕೊಂಡಾಗ ನಮ್ಮೂರು ಲಾರೆಲ್ ಫೆರಿಯ ಪತ್ರಿಕೆ ಅವಳಿಗೆ ನಾಲ್ಕು ಸಾಲು ಕೊಟ್ಟಿತು. ಮೂಕಿ ಚಿತ್ರಗಳಿಗೆ ಪಿಯಾನೋ ನುಡಿಸುತ್ತಿದ್ದಳು, ಆಮೇಲೆ ರೇಡಿಯೋದಲ್ಲಿ ಇದ್ದಳು, ಮಕ್ಕಳಿಲ್ಲ, ಸಂಧಿವಾತದಿಂದಾಗಿ ಸಂಗೀತ ಬಿಟ್ಟಿದ್ದಳು. ಅದೇ ಪುಟದಲ್ಲಿ ಬಹುಮಾನ ಗೆದ್ದ ಹಂದಿಯೊಂದಕ್ಕೆ ಹನ್ನೊಂದು ಸಾಲು. ಹಂದಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಸಂಧಿವಾತ ಎಂಬುದು ಶುದ್ಧ ಸುಳ್ಳು, ಮತ್ತು ಅದು ಸುಳ್ಳೆಂದು ಗೊತ್ತಿರುವವನು ಊರಿನಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಅದಕ್ಕೇ ಬರೆಯಲು ಕೂತೆ.

ನಾನು ಹಾರ್ಲನ್ ಪೀಕ್. ಈಗಿನವರಿಗೆ ನನ್ನ ಹೆಸರು ಗೊತ್ತಿಲ್ಲ, ಆಗ ಗೊತ್ತಿಲ್ಲದವರಿರಲಿಲ್ಲ. ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ರೇಡಿಯೋ ಕೇಂದ್ರ. ನದಿ ದಾಟಿಸುವವರು ಕಟ್ಟಿದ ಊರಾದ್ದರಿಂದ ನಮ್ಮ ಬೇಸ್‌ಬಾಲ್ ತಂಡಕ್ಕೆ ಅಂಬಿಗರು ಎಂದೇ ಹೆಸರು. ಸಂಬಳಕ್ಕೆ ಆಡುವ ತಂಡವೇ, ಆದರೆ ದೊಡ್ಡ ಲೀಗಿಗಿಂತ ಮೂರು ಮೆಟ್ಟಿಲು ಕೆಳಗೆ. ಅಂಬಿಗರು ಪರವೂರಿಗೆ ಹೋದರೆ ನಾವು ಹಿಂದೆ ಹೋಗುತ್ತಿರಲಿಲ್ಲ. ಅಲ್ಲಿಂದ ತಂತಿ ಬರುತ್ತಿತ್ತು: ‘ಟಲ್ಲಿ, ಫೌಲು.’ ‘ಟಲ್ಲಿ, ಔಟ್.’ ತಂತಿಯ ಇರಾ ಮಾಮ ಅದನ್ನು ಚೀಟಿಯಲ್ಲಿ ಗೀಚಿ ನನ್ನ ಮುಂದೆ ತಳ್ಳುತ್ತಿದ್ದ. ಆ ಎರಡು ಪದಕ್ಕೆ ಬಿಸಿಲು, ಗಾಳಿ, ಎಸೆಗಾರನ ಹಣೆಯ ಬೆವರು ಎಲ್ಲ ಸೇರಿಸಿ, ಮೈದಾನದಲ್ಲೇ ಕೂತಿರುವವನಂತೆ ಬಣ್ಣ ಕಟ್ಟುವುದು ನನ್ನ ಕೆಲಸ. ಶಬ್ದವೆಲ್ಲ ವರ್ನಾಳದು.

ಮಾತಾಡುವ ಚಿತ್ರಗಳು ಬಂದಾಗ ಚಿತ್ರಮಂದಿರದವರು ಅವಳಿಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದ್ದರು. ಅವಳು ಹೂವನ್ನು ಅಲ್ಲೇ ಬಾಗಿಲಲ್ಲಿಟ್ಟು, ಚಿತ್ರಗಳಿಗೆ ಶಬ್ದ ಮಾಡುತ್ತಿದ್ದ ಸಾಮಾನಿನ ಪೆಟ್ಟಿಗೆಯನ್ನು ಎತ್ತಿಕೊಂಡು ನೇರವಾಗಿ ನಮ್ಮ ಮಹಡಿ ಹತ್ತಿ ಬಂದಳು. ಮುರಿದ ಬ್ಯಾಟಿನ ತುಂಡೊಂದನ್ನು ದಾರದಲ್ಲಿ ತೂಗುಹಾಕಿದಳು. ದಪ್ಪ ಕೋಲಿನಿಂದ ಬಾರಿಸಿದರೆ ದೊಡ್ಡ ಹೊಡೆತ, ತೆಳ್ಳನೆಯ ಕಡ್ಡಿಯಿಂದ ತಟ್ಟಿದರೆ ಗೆರೆಯಾಚೆ ಹೋಗುವ ಫೌಲು. ಹಳೆಯ ಚರ್ಮದ ಕೈಗವಸಿಗೆ ಮುಷ್ಟಿಯಿಂದ ಗುದ್ದಿದರೆ, ಬ್ಯಾಟು ತಪ್ಪಿಸಿಕೊಂಡು ಹಿಂದೆ ಕೂತವನ ಕೈ ಸೇರಿದ ಚೆಂಡು. ಗ್ರಾಮಫೋನಿನ ಮೇಲೆ ಜನಜಂಗುಳಿಯ ಗದ್ದಲ ತುಂಬಿದ ಒಂದು ತಟ್ಟೆ. ಬುಧವಾರದ ಮಕ್ಕಳ ಕಾರ್ಯಕ್ರಮದ ಕುದುರೆಗೆ ಎರಡು ತೆಂಗಿನ ಕರಟ. ಆ ಮೇಜಿನ ಮೇಲೆ ಇಲ್ಲದಿದ್ದದ್ದು ಚೆಂಡು ಒಂದೇ. ಚೆಂಡಿಗೆ ಸ್ವಂತ ಶಬ್ದವಿಲ್ಲ, ತಗುಲಿದ ವಸ್ತುವಿನ ಶಬ್ದವೇ ಅದರ ಶಬ್ದ ಎನ್ನುತ್ತಿದ್ದಳು.

ನಮ್ಮ ಕಸುಬಿಗೆ ಒಂದೇ ಕಟ್ಟಳೆ. ಹೊರಟ ಶಬ್ದವನ್ನು ವಾಪಸು ತೆಗೆದುಕೊಳ್ಳುವಂತಿಲ್ಲ. ಅವಳ ಕೈ ಏನು ಬಾರಿಸಿತೋ ನನ್ನ ಬಾಯಿ ಅದನ್ನೇ ನಿಜ ಮಾಡಬೇಕು. ಇನ್ನು ತಂತಿ ಕೆಟ್ಟರೆ ಫೌಲೇ ಗತಿ. ಮೂರು ಸಲ ತಪ್ಪಿದರೆ ಔಟ್. ಆದರೆ ಎರಡು ಸಲ ತಪ್ಪಿದ ಮೇಲೆ ಚೆಂಡನ್ನು ಗೆರೆಯಾಚೆ ತಟ್ಟುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಹಾಗಾಗಿ ತಂತಿ ಸತ್ತಾಗಲೆಲ್ಲ ನಮ್ಮ ಆಟಗಾರ ಫೌಲಿನ ಮೇಲೆ ಫೌಲು ಹೊಡೆಯುತ್ತಿದ್ದ. ಕೇಳುವವರು ಅವನ ತಾಳ್ಮೆಯನ್ನು ಹೊಗಳುತ್ತಿದ್ದರು.

ವರ್ನಾ ಚಿಕ್ಕ ವಯಸ್ಸಿಗೇ ವಿಧವೆ. ಚರ್ಚಿನಲ್ಲಿ ಭಾನುವಾರ ಪಿಯಾನೋ ಅವಳದೇ. ಬೇಸಿಗೆಯಲ್ಲಿ ತಂಡದ ಹುಡುಗರು ಊರಿನ ಮನೆಗಳಲ್ಲಿ ಬಾಡಿಗೆಗಿರುವುದು ವಾಡಿಕೆ. ಅವಳ ಮನೆಯ ಮೇಲಿನ ಕೋಣೆಗೆ ಮೂರು ವರ್ಷದಿಂದ ಬರುತ್ತಿದ್ದವನು ರಾಯ್ಸ್ ಟಲ್ಲಿ. ಎರಡನೇ ಬೇಸಿನ ಆಟಗಾರ, ಮಿಸೌರಿಯ ಹಳ್ಳಿಯವನು, ಇಪ್ಪತ್ತಮೂರು ವಯಸ್ಸು, ಟೋಪಿಯ ಕೆಳಗೆ ಮಡಚಿಕೊಳ್ಳುವಷ್ಟು ದೊಡ್ಡ ಕಿವಿ. ಅವನ ಕಾಲುಚೀಲ ಒಗೆಯುತ್ತ ಬೈಯುವುದು ಅವಳಿಗೆ ಬೇಸಿಗೆಯ ದೊಡ್ಡ ಸುಖವಾಗಿತ್ತು ಎಂದು ನನ್ನ ಅನುಮಾನ.

ಫೆಬ್ರವರಿಯ ಕೊನೆಯ ಭಾನುವಾರ, ಚರ್ಚು ಮುಗಿದು ಊಟವಾದ ಮೇಲೆ, ನಮ್ಮ ‘ಮುನ್ನೋಟ’. ಅರ್ಧ ಗಂಟೆ ನಾನು ಬರುವ ಋತುವಿನ ಲೆಕ್ಕಾಚಾರ ಹೇಳುತ್ತಿದ್ದೆ: ಯಾರ ಭುಜ ವಾಸಿಯಾಗಿದೆ, ಹೊಸ ಎಡಗೈ ಎಸೆಗಾರ ಎಂಥವನು, ತಂಡ ಎಷ್ಟನೇ ಸ್ಥಾನಕ್ಕೆ ನಿಲ್ಲುತ್ತದೆ. ಕೊನೆಗೆ ಋತುವಿನ ಮೊದಲ ಆಟವನ್ನೇ ಪೂರ್ತಿ ಕಲ್ಪಿಸಿ ಆಡಿಸುತ್ತಿದ್ದೆವು. ತಂತಿಯೂ ಇಲ್ಲ, ಚೀಟಿಯೂ ಇಲ್ಲ; ನನ್ನ ಬಾಯಿಗೆ ಬಂದದ್ದು, ಅವಳ ಕೈಗೆ ಬಂದದ್ದು. ಹಿಮ ಮುಚ್ಚಿದ ಊರು ರೇಡಿಯೋದ ಸುತ್ತ ಕೂತು ಅದನ್ನು ಕೇಳುತ್ತಿತ್ತು.

ಆ ವರ್ಷ ಮೊದಲ ಆಟ ಹಾರ್ಟ್‌ವೆಲ್‌ನಲ್ಲಿ. ಅಂಬಿಗರಿಗೆ ಒಂದನೇ ಸ್ಥಾನ ಖಂಡಿತ ಎಂದು ಸಾರಿ, ಆಟ ಶುರುಮಾಡಿದೆ. ಎರಡನೇ ಇನಿಂಗ್ಸಿನಲ್ಲಿ ಹೇಳಲು ಏನೂ ತೋಚದೆ ಕಂದು ನಾಯಿಯೊಂದನ್ನು ಮೈದಾನಕ್ಕೆ ನುಗ್ಗಿಸಿದೆ. ಏಳನೆಯದರಲ್ಲಿ ನಾವು ಒಂದು ಓಟ ಹಿಂದೆ, ಓಡುವವರು ನಿಲ್ಲುವ ಮೂರೂ ಬೇಸಿನಲ್ಲಿ ನಮ್ಮವರು, ಟಲ್ಲಿ ಎರಡು ಸಲ ತಪ್ಪಿ ಮೂರನೆಯದಕ್ಕೆ ಕಾಯುತ್ತಿದ್ದ. ನಾನು ವರ್ನಾಳಿಗೆ ಮುಷ್ಟಿ ಎತ್ತಿ ತೋರಿಸಿದೆ: ದೊಡ್ಡ ಹೊಡೆತ.

ಕೋಣೆ ತಣ್ಣಗಿತ್ತು, ಅವಳ ಬೆರಳು ಮರಗಟ್ಟಿದ್ದವೋ ಏನೋ. ಆರು ವರ್ಷದಲ್ಲಿ ಒಮ್ಮೆಯೂ ತಪ್ಪದ ಕೋಲು, ತೂಗುತ್ತಿದ್ದ ಬ್ಯಾಟನ್ನು ದಾಟಿ, ಪಕ್ಕದಲ್ಲಿ ಬೋರಲಾಗಿದ್ದ ಕರಟದ ಮೇಲೆ ಬಿತ್ತು.

ಟೊಕ್.

ಕರಟ ಒಣಗಿ ಎಷ್ಟೋ ಕಾಲವಾಗಿತ್ತು. ಆದರೂ ಒಳಗೆ ಏನೋ ಹಸಿಯಾದದ್ದು ಇರುವಂತೆ ಕೇಳಿಸಿತು. ಆಗಿನ ಆಟಗಾರರ ತಲೆಯ ಮೇಲೆ ಬಟ್ಟೆಯ ಟೋಪಿಯಲ್ಲದೆ ಏನೂ ಇರುತ್ತಿರಲಿಲ್ಲ. ಕಟ್ಟಳೆಯಂತೆ ನನ್ನ ಬಾಯಿ ತನ್ನಷ್ಟಕ್ಕೆ ಹೇಳಿತು: “ಅಯ್ಯೋ! ಚೆಂಡು ಟಲ್ಲಿಯ ಕಿವಿಯ ಮೇಲೆ ಬಡಿದಿದೆ! ಟಲ್ಲಿ ಬಿದ್ದಿದ್ದಾನೆ!”

ವರ್ನಾ ಗಾಬರಿಯಲ್ಲಿ ಗ್ರಾಮಫೋನಿನ ಮುಳ್ಳು ಎತ್ತಿಬಿಟ್ಟಳು. ಸಾವಿರಾರು ಜನ ಒಟ್ಟಿಗೆ ಉಸಿರು ಹಿಡಿದರು. ಗಾಜಿನಾಚೆಯಿಂದ ಕೇಂದ್ರದ ಮಾಲೀಕರು ಸಮಯವಾಯಿತೆಂದು ಕೈ ಆಡಿಸಿದರು. ನನಗೆ ಅದ್ಭುತವಾದ ಬುದ್ಧಿ ಹೊಳೆಯಿತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ. “ಟಲ್ಲಿ ಎದ್ದನೇ? ಏಪ್ರಿಲ್ ಇಪ್ಪತ್ತೆರಡರಂದು ತಪ್ಪದೆ ಕೇಳಿ!” ಎಂದು ಮುಗಿಸಿದೆ.

ಮೈಕು ಆರುತ್ತಲೇ ವರ್ನಾ ಎದ್ದು ನಿಂತಳು.

“ಮೈಕು ಮತ್ತೆ ಹಾಕ್ಸು ಹಾರ್ಲನ್. ಅವನನ್ನ ಎಬ್ಬಿಸ್ಬೇಕು.”

“ಯಾರನ್ನ?”

“ರಾಯ್ಸ್‌ನ. ನೆಲದ ಮೇಲೆ ಹಾಗೇ ಬಿಟ್ಟು ಬಂದ್ಬಿಟ್ವಲ್ಲೋ!”

“ಅವನು ಮಿಸೌರಿಲಿ ಹಸು ಕರೀತಿದಾನೆ ಮಾರಾಯ್ತಿ. ಕರಟಕ್ಕೆ ಹೊಡ್ದಿದ್ದು ನೀನು, ಬಯ್ಯೋದು ನನ್ನನ್ನ!”

“ಹೊಡ್ದಿದ್ದು ನಾನೇ. ಅದಕ್ಕೇ ಹೇಳ್ತಿರೋದು. ಒಂದೇ ಮಾತು ಸಾಕು, ‘ಎದ್ದ’ ಅಂತ.”

ಆ ವಾರ ಕಾಗದಗಳು ಬಂದವು, ಚೀಲಗಟ್ಟಲೆ. ಟಲ್ಲಿ ಎದ್ದನೇ? ಮಾಲೀಕರು ಹಿಗ್ಗಿಹೋದರು, ಒಂದಕ್ಕೂ ಉತ್ತರ ಕೊಡಬೇಡ ಎಂದರು. ನಾನೂ ಹಿಗ್ಗಿದ್ದೆ. ವರ್ನಾ ಇನ್ನೆರಡು ಸಲ ಕೇಳಿದಳು, ಕೊನೆಯ ಸಲ ಬೇಡಿಕೊಂಡಳು ಎನ್ನಬೇಕು. ನಾನು ನಕ್ಕೆ. ಅವಳು ಆ ಕರಟವನ್ನು ಒಲೆಗೆ ಹಾಕಿದಳು. ಅಲ್ಲಿಂದ ಮುಂದೆ ಬುಧವಾರದ ನಮ್ಮ ಕುದುರೆ ಕುಂಟಿತು, ಮಕ್ಕಳು ಅದಕ್ಕೂ ಕಾಗದ ಬರೆದರು.

ಗದ್ದಲದ ತಟ್ಟೆಯ ಕಥೆಯೇ ಬೇರೆ. ಅವಳು ಮುಳ್ಳು ಎತ್ತಿದ ಜಾಗಕ್ಕೆ ಬಂದಾಗಲೆಲ್ಲ ಅದರಲ್ಲಿ ಜನ ಸುಮ್ಮನಾಗತೊಡಗಿದರು. ಗೀರಿದ್ದರೆ ಕರಕರ ಎನ್ನಬೇಕು, ಎನ್ನಲಿಲ್ಲ. ಹನ್ನೆರಡು ಸೆಕೆಂಡು ಸುಮ್ಮನಿದ್ದು ಮತ್ತೆ ಗದ್ದಲ ಎಬ್ಬಿಸುತ್ತಿದ್ದರು. ನಾನು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಗೀರಿರಲಿಲ್ಲ.

ಏಪ್ರಿಲ್‌ನಲ್ಲಿ ಟಲ್ಲಿ ಬಂದ. ಕ್ಷೌರದಂಗಡಿಯಿಂದ ಚರ್ಚಿನವರೆಗೆ ಎಲ್ಲರೂ ಅವನನ್ನು ಕಾಡಿಸುವವರೇ. “ಏನಪ್ಪಾ, ಇನ್ನೂ ಮಲಗೇ ಇದೀಯಾ?” ಅವನೂ ನಗುತ್ತಿದ್ದ. ಹಾರ್ಟ್‌ವೆಲ್‌ಗೆ ಹೊರಡುವ ಬೆಳಿಗ್ಗೆ ವರ್ನಾ ಅವನ ಅಂಗಿಯ ತೋಳು ಹಿಡಿದುಕೊಂಡಳಂತೆ.

“ಏಳನೇ ಇನಿಂಗ್ಸಲ್ಲಿ ಹುಷಾರು ಕಣೋ.”

“ಮಿಸ್ ವರ್ನಾ, ನೀವು ನಮ್ಮಜ್ಜೀನೂ ಮೀರಿಸಿದ್ರಿ. ಬಂದ ಮೇಲೆ ಆಪಲ್ ಪೈ ಮಾಡಿಟ್ಟಿರಿ, ಸಾಕು.”

ಇಪ್ಪತ್ತೆರಡರ ಮಧ್ಯಾಹ್ನ ಗಾಳಿ ಜೋರಾಗಿತ್ತು. ಮಳೆಯಿಲ್ಲ, ಮೋಡವಿಲ್ಲ, ಬರೀ ಗಾಳಿ. ಇರಾ ಮಾಮ ಚೀಟಿ ತಳ್ಳತೊಡಗಿದ. ಮೊದಲ ಇನಿಂಗ್ಸು ಫೆಬ್ರವರಿಯಲ್ಲಿ ನಾನು ಹೇಳಿದಂತೆಯೇ ನಡೆದಾಗ ಎದೆಯುಬ್ಬಿಸಿ ಕೇಳುಗರಿಗೆ ನೆನಪಿಸಿದೆ. ಮುನ್ನೋಟ ಎಂದರೆ ಇದು ಎಂದೆ. ವರ್ನಾ ತನ್ನ ಹಳೆಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದಳು. ಪ್ರತಿ ಎಸೆತಕ್ಕೆ ಒಂದು ಗುರುತು ಹಾಕಿಡುವುದು ಅವಳ ಅಭ್ಯಾಸ. ಎರಡನೇ ಇನಿಂಗ್ಸಿನ ನಡುವೆ ಇರಾ ಮಾಮ ಒಂದು ಚೀಟಿ ತಳ್ಳಿದ: ‘ಆಟ ನಿಂತಿದೆ. ಮೈದಾನದಲ್ಲಿ ನಾಯಿ.’

ಮೈಕು ಮುಚ್ಚಿ ಕೇಳಿದೆ, “ಯಾವ ಬಣ್ಣ ಅಂತ ಕೇಳು ಮಾಮ.”

ಇರಾ ಮಾಮ ಕಟಕಟ ಒತ್ತಿ, ಉತ್ತರ ಕೇಳಿ, ಹುಬ್ಬು ಗಂಟಿಕ್ಕಿದ. “ಕಂದು ಅಂತೆ. ಯಾಕೋ? ನಿಂದಾ ನಾಯಿ?”

ಅಲ್ಲಿಂದ ನಾನು ಚೀಟಿ ಓದುತ್ತಿದ್ದೆ, ವರ್ನಾಳ ಬೆರಳು ಹಾಳೆಯ ಮೇಲೆ ಒಂದೊಂದೇ ಗುರುತು ದಾಟುತ್ತಿತ್ತು. ಒಂದೂ ತಪ್ಪಲಿಲ್ಲ. ಐದನೇ ಇನಿಂಗ್ಸಿನ ಬಿಡುವಿನಲ್ಲಿ ಅವಳು ದೂರವಾಣಿಗೆ ಓಡಿದಳು. ಹಾರ್ಟ್‌ವೆಲ್‌ಗೆ ಮಾತು ಹೋಗುತ್ತಿಲ್ಲ, ಗಾಳಿಗೆ ಕಂಬಗಳು ಉರುಳುತ್ತಿವೆ ಎಂದರಂತೆ. ವಾಪಸು ಬಂದವಳು ನೇರ ಇರಾ ಮಾಮನ ಮೇಜಿಗೆ ಹೋದಳು.

“ಆ ತುದೀಲಿ ಇರೋನಿಗೆ ಹೇಳು ಇರಾ, ಟಲ್ಲಿನ ಆಟದಿಂದ ತೆಗೀರಿ ಅಂತ.”

“ಹೇಳ್ದೆ ಕಣಮ್ಮಾ. ‘ಕುಡಿದಿದೀಯಾ’ ಅಂತ ಕೇಳ್ದ.”

ಏಳನೇ ಇನಿಂಗ್ಸು. ನಾವು ಒಂದು ಓಟ ಹಿಂದೆ. ಮೂರೂ ಬೇಸಿನಲ್ಲಿ ನಮ್ಮವರು. ‘ಟಲ್ಲಿ, ತಪ್ಪಿದ.’ ‘ಟಲ್ಲಿ, ತಪ್ಪಿದ, ಎರಡು.’ ಆಮೇಲೆ ಇರಾ ಮಾಮನ ಯಂತ್ರ ನಿಂತಿತು. ಅವನು ಅದನ್ನು ತಟ್ಟಿದ, ಕಿವಿ ಹಚ್ಚಿದ, ಕೈ ಅಲ್ಲಾಡಿಸಿದ. ತಂತಿ ಸತ್ತಿತ್ತು. ಅದೇ ಗಳಿಗೆಗೆ ತಟ್ಟೆಯಲ್ಲಿ ಜನ ಸುಮ್ಮನಾದರು.

ಆ ಹನ್ನೆರಡು ಸೆಕೆಂಡು ನನಗೆ ಒಂದು ಯುಗವಾಯಿತು. ವರ್ನಾ ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

“ನಾವು ಹೇಳಿದ್ದೇ ಆಗ್ತಿದೆ. ಹಾಗಾದ್ರೆ ಬೇರೇದು ಹೇಳು. ಬೀಳೋಕೆ ಬಿಡ್ಬೇಡ.”

ತೆಳ್ಳನೆಯ ಕಡ್ಡಿ ಎತ್ತಿ ಬ್ಯಾಟಿನ ತುಂಡಿಗೆ ತಟ್ಟಿದಳು. ಟಿಕ್. “ಫೌಲು!” ಎಂದೆ. ತಟ್ಟೆಯ ಜನ ಮತ್ತೆ ಕೂಗತೊಡಗಿದರು. ಟಿಕ್. “ಮತ್ತೆ ಫೌಲು! ಚೆಂಡು ಬಲಗಡೆಯ ಕಟಕಟೆಗೆ!” ಹೀಗೆ ಎಷ್ಟೋ ಸಲ ಮಾಡಿದ್ದೆವು, ಆದರೆ ಒಬ್ಬ ಮನುಷ್ಯನನ್ನು ನಿಲ್ಲಿಸಿಡಲು ಮಾಡಿರಲಿಲ್ಲ. ಗಾಳಿ ಕಿಟಕಿಯನ್ನು ಅಲುಗಾಡಿಸುತ್ತಿತ್ತು. ನಾನು ಅವನ ಬೂಟಿನ ದಾರ ಬಿಚ್ಚಿಸಿ ಕಟ್ಟಿಸಿದೆ, ಎಸೆಗಾರನಿಂದ ಮಣ್ಣು ಉಜ್ಜಿಸಿದೆ, ಸೂರ್ಯನನ್ನು ಮೋಡದ ಹಿಂದೆ ಕಳಿಸಿ ವಾಪಸು ತಂದೆ. ವರ್ನಾ ಒಂದೊಂದು ಫೌಲಿಗೂ ಹಾಳೆಯಲ್ಲಿ ಗೆರೆ ಎಳೆಯುತ್ತಿದ್ದಳು. ಎಂಟು ನಿಮಿಷವಾಯಿತು. ಕೆಳಗೆ ಬೀಜದ ಅಂಗಡಿಯವರು ಕುಣಿಯುತ್ತಿದ್ದದ್ದು ನೆಲದ ಮೂಲಕ ಕೇಳುತ್ತಿತ್ತು.

ನನ್ನ ಒಳಗಿನ ಬಡಾಯಿಗಾರ ಆಗ ಎಚ್ಚೆತ್ತ. ನಾವು ಹೇಳಿದ್ದೇ ಆಗುವುದಾದರೆ ಒಂದು ದೊಡ್ಡ ಹೊಡೆತ ಯಾಕೆ ಆಗಬಾರದು? ಮೂರು ಜನ ಓಡಿ ಬರುತ್ತಾರೆ, ಆಟ ಗೆಲ್ಲುತ್ತೇವೆ, ಒಂದನೇ ಸ್ಥಾನ ಎಂದಿದ್ದ ನನ್ನ ಮಾತೂ ಉಳಿಯುತ್ತದೆ. ಮುಷ್ಟಿ ಎತ್ತಿ ತೋರಿಸಿದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಹಲ್ಲು ಕಚ್ಚಿ ಮತ್ತೆ ಮುಷ್ಟಿ ಎತ್ತಿದೆ. ಅವಳು ದಪ್ಪ ಕೋಲನ್ನು ಕೈಗೆತ್ತಿಕೊಂಡು ಒಂದು ಕ್ಷಣ ನೋಡಿದಳು, ನೆಲಕ್ಕೆ ಬಿಟ್ಟಳು. ಎಡಗೈಗೆ ಚರ್ಮದ ಕೈಗವಸು ಹಾಕಿಕೊಂಡು, ಬಲ ಮುಷ್ಟಿಯಿಂದ ತನಗಿದ್ದ ಶಕ್ತಿಯನ್ನೆಲ್ಲ ಹಾಕಿ ಗುದ್ದಿದಳು.

ಧಪ್.

ಅವಳ ಬಾಯಿಂದ ಸಣ್ಣ ನರಳಿಕೆ ಹೊರಟಿತು. ನನಗೆ ಬೇರೆ ದಾರಿಯಿರಲಿಲ್ಲ. “ತಪ್ಪಿದ,” ಎಂದೆ. “ಟಲ್ಲಿ ಔಟ್.” ಕೆಳಗಿನ ಕುಣಿತ ನಿಂತಿತು. ಅವಳನ್ನು ಆ ಕ್ಷಣ ನಾನು ದ್ವೇಷಿಸಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸ್ವಲ್ಪ ಹೊತ್ತಿಗೆ ಯಂತ್ರ ಜೀವ ಪಡೆಯಿತು. ಇರಾ ಮಾಮ ಬರೆದ, ನಿಲ್ಲಿಸಿದ, ಕನ್ನಡಕ ಒರೆಸಿಕೊಂಡು ಮತ್ತೆ ಬರೆದ. ಚೀಟಿ ನನ್ನ ಮುಂದೆ ಬಂತು: ‘ಟಲ್ಲಿ, ಫೌಲು ಹದಿನೇಳು. ಆಮೇಲೆ ತಪ್ಪಿದ. ಔಟ್.’ ವರ್ನಾಳ ಹಾಳೆಯ ಗೆರೆಗಳನ್ನು ಎಣಿಸಿದೆ. ಹದಿನೇಳು. ತಲೆಯೆತ್ತಿದರೆ ಅವಳು ಕೈಗವಸನ್ನು ಎದೆಗವಚಿಕೊಂಡು ಅಳುತ್ತಿದ್ದಳು, ಒಂದಿಷ್ಟೂ ಶಬ್ದ ಮಾಡದೆ.

“ಕೋಲಲ್ಲಿ ಹೊಡ್ದಿದ್ರೆ ಏನಾಗ್ತಿತ್ತೇ?” ಎಂದು ಆಮೇಲೆ ಮೆಟ್ಟಿಲಿಳಿಯುವಾಗ ಕೇಳಿದೆ.

“ಕೋಲು ಮರ, ಕರಟಾನೂ ಮರದ ಜಾತಿ. ಎರಡರ ಶಬ್ದಕ್ಕೂ ಜಾಸ್ತಿ ದೂರ ಇಲ್ಲ ಹಾರ್ಲನ್. ಒಂದ್ಸಲ ಕೈ ತಪ್ಪಿದೆ. ತಲೆಯಿಂದ ದೂರ ಇರೋದು ಚರ್ಮದ ಶಬ್ದ ಒಂದೇ,” ಎಂದಳು.

ಆ ಆಟವನ್ನು ಒಂದು ಓಟದಿಂದ ಸೋತೆವು. ಮೊದಲೇ ಹೇಳಿಬಿಡುತ್ತೇನೆ, ಆ ವರ್ಷ ಅಂಬಿಗರು ಎರಡನೇ ಸ್ಥಾನಕ್ಕೆ ನಿಂತರು, ಒಂದೇ ಒಂದು ಆಟದ ಅಂತರದಲ್ಲಿ. ಊರು ಟಲ್ಲಿಯನ್ನು ಬೈಯಿತು, ಮುಂದಿನ ವರ್ಷ ತಂಡ ಅವನನ್ನು ಕರೆಯಲಿಲ್ಲ. ಅವನು ಮಿಸೌರಿಗೆ ಹೋಗಿ ಹಸು ಸಾಕಿದ, ಮದುವೆಯಾದ, ದೊಡ್ಡ ಕಿವಿಯ ಐದು ಮಕ್ಕಳ ಪಟವನ್ನು ಪ್ರತಿ ಕ್ರಿಸ್‌ಮಸ್ಸಿಗೆ ವರ್ನಾಳಿಗೆ ಕಳಿಸಿದ. ಕಲ್ಪನೆಯ ಆಟವನ್ನು ನಾವು ಮತ್ತೆ ಆಡಿಸಲಿಲ್ಲ. ಫೆಬ್ರವರಿ ಬಂದರೆ ನಾನು ಬರೀ ಭುಜ, ಮಂಡಿ, ಸ್ಥಾನಗಳ ಮಾತಾಡಿ ಎದ್ದುಬಿಡುತ್ತಿದ್ದೆ.

ಆದರೆ ಹಾರ್ಟ್‌ವೆಲ್‌ನಿಂದ ತಂಡ ಬಂದ ಭಾನುವಾರ ಮಧ್ಯಾಹ್ನ ವರ್ನಾ ನನ್ನನ್ನು ಊಟಕ್ಕೆ ಕರೆದಿದ್ದಳು. ಹುಳಿ ಎಲೆಕೋಸು, ಹಂದಿಮಾಂಸ, ಬೇಯಿಸಿದ ಆಲೂಗೆಡ್ಡೆ, ಪೈ. ಟಲ್ಲಿ ತಟ್ಟೆ ನೋಡುತ್ತ ಕೂತಿದ್ದ. ಅವನು ತಾನಾಗಿಯೇ ಶುರುಮಾಡಿದ.

“ಹದಿನೇಳು ಸಲ ತಟ್ಟಿದೆ, ಮಿಸ್ಟರ್ ಪೀಕ್. ನನ್ನ ಕೈ ನಂದಾಗೇ ಇರ್ಲಿಲ್ಲ. ಕೊನೇದಕ್ಕೆ ಜೋರಾಗಿ ಬೀಸಿದೆ. ಬೀಸ್ತಿದ್ದ ಹಾಗೇ ಹಿಂದ್ಗಡೆ ಕೈಗವಸಲ್ಲಿ ಧಪ್ ಅಂತು. ಥತ್, ಹೋಯ್ತು ಅಂತ ತಲೆ ತಗ್ಗಿಸ್ದೆ.” ಅವನು ಚಮಚ ಕೆಳಗಿಟ್ಟ. “ಆಮೇಲೆ ಚೆಂಡು ಬಂತು.”

“ಆಮೇಲಾ?”

“ಶಬ್ದ ಬಂದ ಮೇಲೆ ಚೆಂಡು ಬಂತು. ಎಸೆಗಾರನ ಕೈ ಜಾರಿತ್ತಂತೆ. ಟೋಪಿ ತಾಗಿಸ್ಕೊಂಡು ಹೋಯ್ತು, ನನ್ನ ತಲೆ ಇದ್ದ ಜಾಗದಲ್ಲೇ. ಹಿಂದೆ ಕೂತೋನು ಹಿಡ್ದ, ಆದ್ರೆ ಶಬ್ದ ಕೇಳ್ಲೇ ಇಲ್ಲ ಅಂತಾನೆ. ಕೈಗೂ ಏಟು ಗೊತ್ತಾಗ್ಲಿಲ್ವಂತೆ.” ಅವನು ನಗಲು ನೋಡಿದ. “ನಿಮ್ಮ ಮುನ್ನೋಟದಲ್ಲಿ ನನ್ನನ್ನ ಬೀಳಿಸಿ ಹಾಗೇ ಬಿಟ್ರಂತಲ್ಲ. ಕೊನೆಗೆ ನಾನು ಎದ್ದೆನೋ ಇಲ್ವೋ, ಹೇಳಿ ಈಗ್ಲಾದ್ರೂ.”

ನಾನು ವರ್ನಾಳ ಕಡೆ ನೋಡಿದೆ.

“ಎದ್ದಿದೀಯಲ್ಲೋ,” ಎಂದಳು ವರ್ನಾ. “ತಟ್ಟೆ ಇಲ್ಲಿ ಕೊಡು, ಆಲೂಗೆಡ್ಡೆ ಹಾಕ್ತೀನಿ.”

ಅವಳು ಎಡಗೈಯಿಂದ ಬಡಿಸಿದಳು. ಬೆಳಿಗ್ಗೆ ಚರ್ಚಿನಲ್ಲಿ ಪಿಯಾನೋ ಮುಚ್ಚಿಯೇ ಇತ್ತು ಎಂಬುದು ನನಗೆ ಆಗ ನೆನಪಾಯಿತು. ಮತ್ತೆ ಅದನ್ನು ಅವಳು ತೆರೆಯಲೇ ಇಲ್ಲ. ಬಲಗೈಯನ್ನು ಮಡಿಲಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದಳು. ಪೈ ತರಲು ಎದ್ದಾಗ ಬಟ್ಟೆ ಜಾರಿತು. ಬೆರಳ ಗೆಣ್ಣುಗಳು ಮುರಿದು ನೀಲಿಗಟ್ಟಿದ್ದವು, ಆ ನೀಲಿಯ ಮೇಲೆ ಬೇಸ್‌ಬಾಲಿನ ಹೊಲಿಗೆಯ ಅಚ್ಚು ಕೆಂಪಗೆ, ಸಾಲಾಗಿ ಮೂಡಿತ್ತು. ನಮ್ಮ ಮೇಜಿನ ಮೇಲೆ ಯಾವತ್ತೂ ಚೆಂಡು ಇರಲಿಲ್ಲ.